ಕರಡು ಇರುವಾಗಲೇ ಕೂಡಿ ಓದೋಣ

ಕಾನೂನು ಜಾರಿಯಾದ ಮೇಲೆ ಬೀದಿಗಿಳಿಯುವುದು ನಮಗೆ ಗೊತ್ತು. ಅದಿನ್ನೂ ಕರಡಾಗಿದ್ದು, ಆಕ್ಷೇಪಣೆ ಇದ್ದರೆ ಸಲ್ಲಿಸಿ ಎಂದು ಸರ್ಕಾರವೇ ಕರೆದಾಗ ಮಾತ್ರ ನಮ್ಮಲ್ಲಿ ಹೆಚ್ಚಿನವರು ಸುಮ್ಮನಿರುತ್ತೇವೆ. ದಯವಿಟ್ಟು ಈ ರೂಢಿ ಬಿಡೋಣ.

ಕೇಂದ್ರ ಸರ್ಕಾರದ 2014ರ ನೀತಿಯೊಂದರ ಪ್ರಕಾರ, ಮಸೂದೆಯ ಕರಡು ಕನಿಷ್ಠ 30 ದಿನ ಜನರ ಮುಂದಿರಬೇಕು. ಈ ನೀತಿ ಎಷ್ಟೋ ಸಲ ಪಾಲನೆಯಾಗುವುದಿಲ್ಲ, ನಿಜ. ಆದರೆ ಪಾಲನೆಯಾದಾಗಲೂ ಆ ದಿನಗಳು ನಮ್ಮ ಕೈಜಾರುತ್ತವೆ. ಹತ್ತಾರು ಪುಟದ ಕಾನೂನಿನ ಇಂಗ್ಲಿಷನ್ನು ಒಬ್ಬರೇ ಕೂತು ಬಿಡಿಸಿಕೊಳ್ಳುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

2020ರಲ್ಲಿ ಏನಾಯಿತು, ನೆನಪಿಸಿಕೊಳ್ಳಿ. ಪರಿಸರ ಪರಿಣಾಮ ಮೌಲ್ಯಮಾಪನದ ಕರಡು ಅಧಿಸೂಚನೆ ಹೊರಬಿದ್ದದ್ದು ಲಾಕ್‌ಡೌನ್ ಹೊತ್ತಿನಲ್ಲಿ, ಅದೂ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಗಣಿಯೋ ಅಣೆಕಟ್ಟೋ ಬರುವ ಜಾಗದ ಜನ ಸಾರ್ವಜನಿಕ ಅಹವಾಲು ಸಭೆಗೆ ಸಿದ್ಧರಾಗಲು ಇದ್ದ 30 ದಿನಗಳ ಅವಧಿಯನ್ನು ಅದು 20ಕ್ಕೆ ಇಳಿಸಹೊರಟಿತ್ತು. ಯೋಜನೆಯ ದಪ್ಪ ವರದಿಯನ್ನು ಜಿಲ್ಲಾ ಕೇಂದ್ರದಿಂದ ತರಿಸಿ, ಓದಿ ಹೇಳಬಲ್ಲವರನ್ನು ಹುಡುಕಿ, ಊರವರಿಗೆ ತಿಳಿಸಬೇಕಾದ ಹಳ್ಳಿಗೆ ಆ ಹತ್ತು ದಿನ ಎಷ್ಟು ದೊಡ್ಡದು! ಸಭೆ ಸೇರುವಂತಿಲ್ಲದ ಕಾಲದಲ್ಲೂ ಜನ ಆನ್‌ಲೈನಿನಲ್ಲೇ ಕೂಡಿ ಓದಿದರು, ತಂತಮ್ಮ ಭಾಷೆಗಳಿಗೆ ತಂದರು, ಲಕ್ಷಾಂತರ ಆಕ್ಷೇಪಣೆ ಕಳಿಸಿದರು. ಕರಡನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಎಲ್ಲ ಭಾಷೆಗಳಿಗೂ ಅನುವಾದಿಸಿ ಎಂದ ದೆಹಲಿ ಹೈಕೋರ್ಟ್, ಗಡುವನ್ನು ಆಗಸ್ಟ್ 11ಕ್ಕೆ ವಿಸ್ತರಿಸಿತು. ಸ್ಥಳೀಯ ಭಾಷೆಗಳಲ್ಲಿ ತಕ್ಕ ಪ್ರಚಾರ ಸಿಕ್ಕಿಲ್ಲವೆಂಬ ಅರ್ಜಿಯ ಮೇಲೆ, ಅಂತಿಮ ಅಧಿಸೂಚನೆ ಹೊರಡಿಸದಂತೆ ಕರ್ನಾಟಕ ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು.

ಜನ ಅಂದು ಕೂಡಿ ಓದಿ, ಅನುವಾದಿಸಿದ ಆ ಕೆಲಸವನ್ನು ನಾವು ಪ್ರತಿ ಕರಡಿಗೂ ಮಾಡಬಹುದು. ಎಲ್ಲರೂ ತೆರೆದು ಬರೆಯಬಲ್ಲ ಒಂದು ಗೂಗಲ್ ಡಾಕ್ ಸಾಕು. ಹತ್ತು ಜನ ಕಲಮುಗಳನ್ನು ಹಂಚಿಕೊಳ್ಳಲಿ. ಎಡಗಡೆ ಮೂಲ, ಬಲಗಡೆ ಸರಳ ಕನ್ನಡ, ಕೆಳಗೆ ‘ಇದರಿಂದ ನಮ್ಮೂರಿಗೇನು?’ ಎಂಬ ಪ್ರಶ್ನೆ. ಅನುಮಾನ ಬಂದ ಕಡೆ ವಕೀಲರೊಬ್ಬರು ಕಾಮೆಂಟ್ ಹಾಕಲಿ. ಕೆರೆ, ಗೋಮಾಳದ ಮಾತು ಬಂದಲ್ಲಿ ರೈತರು ತಿದ್ದಲಿ. ಕನ್ನಡ ಬಲ್ಲವರು ದುಬೈಯಲ್ಲಿದ್ದರೂ ರಾತ್ರಿ ಅರ್ಧ ಪುಟ ಅನುವಾದಿಸಿಕೊಡಬಹುದು.

ಒಂದೇ ಪತ್ರವನ್ನು ಕಾಪಿ ಮಾಡಿ ಸಾವಿರ ಜನ ಕಳಿಸಬೇಡಿ. ಅಂಥದ್ದನ್ನು ಬದಿಗೆ ಸರಿಸುವುದು ಅಧಿಕಾರಿಗಳಿಗೆ ಬಹಳ ಸುಲಭ. ನಿಮ್ಮ ಊರು, ನಿಮ್ಮ ಹೊಲ, ನಿಮ್ಮ ಕಾರಣ ಬರೆಯಿರಿ, ಎರಡೇ ಸಾಲಾದರೂ ಸರಿ. ಸ್ಮಾರ್ಟ್‌ಫೋನ್ ಇಲ್ಲದವರನ್ನು ಬಿಟ್ಟು ನಡೆಸುವ ಚರ್ಚೆ ಅರ್ಧ ಊರಿನದು ಮಾತ್ರ. ಬೆಳಿಗ್ಗೆ ಹಾಲಿನ ಡೈರಿ ಮುಂದೆ ನಿಂತು ಕನ್ನಡ ಅನುವಾದವನ್ನು ಓದಿ ಹೇಳಿ. ಅವರು ಹೇಳಿದ್ದನ್ನು ಅವರ ಒಪ್ಪಿಗೆ ಪಡೆದು, ಅವರ ಹೆಸರಿನಲ್ಲೇ ಸೇರಿಸಿ.

ಮುಂದಿನ ಕರಡು ಬಂದ ದಿನವೇ ನಿಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಲಿಂಕ್ ಹಾಕಿ, ನೀವು ಓದುವ ಕಲಮು ಯಾವುದೆಂದು ತಿಳಿಸಿ. ಆಕ್ಷೇಪಣೆಯ ಪ್ರತಿಯನ್ನು ನಿಮ್ಮ ಶಾಸಕರಿಗೂ ಸಂಸದರಿಗೂ ಕಳಿಸಿ. ಉತ್ತರ ಬಂದರೆ ಎಲ್ಲರೂ ನೋಡುವಂತೆ ಅದೇ ಡಾಕ್‌ನಲ್ಲಿ ಹಾಕಿ. ಬಾರದಿದ್ದರೆ, ಕಳಿಸಿದ ತಾರೀಖನ್ನಾದರೂ ಬರೆದಿಡಿ.