ಜಗುಲಿಯ ಮಾತು: ಹೃದಯದ ಪಂಚಾಂಗ



2025ನೆಯ ಇಸವಿಯ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಮೇಲ್ಪಟ್ಟ ಜನರು ಹೃದಯಾಘಾತದಿಂದ ತೀರಿಕೊಂಡರೆಂಬ ವಾರ್ತೆಯು ಹಬ್ಬಲು, ಬೆಂಗಳೂರು ಮೈಸೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಜನರು ಸಾಲುಗಟ್ಟಿ ನಿಂತುದನ್ನು ತಾವೆಲ್ಲರೂ ಬಲ್ಲಿರಿ. ಆ ಭೀತಿಯು ನಮ್ಮ ಮೇಗರವಳ್ಳಿಯನ್ನೂ ಮುಟ್ಟದೆ ಬಿಡಲಿಲ್ಲ. ನೆರೆಮನೆಯ ಅಡಿಕೆ ಬೆಳೆಗಾರರೊಬ್ಬರು ಜಾಹೀರಾತಿನ ಕಾಗದವೊಂದನ್ನು ಹಿಡಿದು ನಮ್ಮ ಜಗುಲಿಗೆ ಬಂದರು. “ಮೇಷ್ಟ್ರೇ, ಇದೆಂಥದೋ ಹೊಸ ರಕ್ತಪರೀಕ್ಷೆ ಅಂತೆ. ಹೃದಯ ಕೈಕೊಡೋದನ್ನ ಮೊದಲೇ ಹೇಳ್ತದಂತೆ. ಮಾಡಿಸಲಾ?” ಎಂದರು. ಅವರ ಕಿವಿಯ ಮೇಲೊಂದು ಬೀಡಿಯಿದ್ದಿತು.

ನಾನು ವೈದ್ಯನಲ್ಲ. ಆದರೆ ಭವಿಷ್ಯವನ್ನು ನುಡಿಯುವ ಗಣಿತವನ್ನು ಹೇಗೆ ಪರೀಕ್ಷಿಸಬೇಕೆಂಬುದನ್ನು ನಮ್ಮ ಹಿರಿಯರು ಪಂಚಾಂಗದ ವಿಷಯದಲ್ಲಿ ಚೆನ್ನಾಗಿ ಅರಿತಿದ್ದರು. ಆ ಕ್ರಮವೇ ಇಲ್ಲಿಯೂ ಸಲ್ಲುವುದು.

ಅಮೆರಿಕಾ ದೇಶದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಲ್ಲಿ ಆರಂಭಿಸಿ, 5,209 ಸ್ತ್ರೀಪುರುಷರನ್ನು ವೈದ್ಯರು ದಶಕಗಳ ಕಾಲ ಪರಿಶೀಲಿಸುತ್ತ ಬಂದರು. ವಯಸ್ಸು, ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನ, ಮಧುಮೇಹ ಇವುಗಳನ್ನು ಲೆಕ್ಕಕ್ಕೆ ಹಿಡಿದು, ಇಂಥ ನೂರು ಮಂದಿಯಲ್ಲಿ ಹತ್ತು ವರ್ಷಗಳೊಳಗಾಗಿ ಇಷ್ಟು ಮಂದಿಗೆ ಹೃದ್ರೋಗವು ತಗುಲೀತೆಂದು ಹೇಳುವ ಸೂತ್ರವನ್ನು ಕ್ರಮೇಣ ರಚಿಸಿದರು. ಈಗ ಬರುವ ಹೊಸ ಸಂಶೋಧನೆಗಳೆಲ್ಲ ಈ ಬಗೆಯ ಸೂತ್ರವನ್ನು ತಿದ್ದುವ ಪ್ರಯತ್ನಗಳೇ ಆಗಿವೆ. ಅವುಗಳಿಗೆ ನಾವು ಮೂರು ಪ್ರಶ್ನೆಗಳನ್ನು ಹಾಕತಕ್ಕದ್ದು.

ಮೊದಲನೆಯದು, ಗಣಿತಕ್ಕೂ ಕಣ್ಣಿಗೂ ಮೇಳವುಂಟೇ? ಗ್ರಹಣವು ಹೇಳಿದ ಗಳಿಗೆಗೆ ಹಿಡಿದರೆ ಮಾತ್ರವೇ ಪಂಚಾಂಗವು ದೃಕ್ಸಿದ್ಧ. ನೂರರಲ್ಲಿ ಹತ್ತು ಎಂದು ಎಣಿಸಿದ ಗುಂಪಿನಲ್ಲಿ ನಿಜವಾಗಿಯೂ ಸುಮಾರು ಹತ್ತು ಮಂದಿಗೆ ರೋಗ ಬಂದಿತೇ ಎಂಬುದನ್ನು ನೋಡಬೇಕು. ಅಷ್ಟೇ ಸಾಲದು. ಆಗುಂಬೆಯ ದಾರಿಯ ನಮ್ಮೂರಿನಲ್ಲಿ ಆಷಾಢಮಾಸದಲ್ಲಿ “ನಾಳೆ ಮಳೆ” ಎಂದು ದಿನವೂ ನುಡಿಯುವವನ ಮಾತು ತಪ್ಪುವುದು ಅಪರೂಪ. ಹೊಳವಾಗುವ ದಿನವನ್ನು ಬೇರ್ಪಡಿಸಿ ಹೇಳಿದವನೇ ಬಲ್ಲವನು. ಅಂತೆಯೇ ರೋಗ ಬರುವವರನ್ನು ಬಾರದವರಿಂದ ಬೇರ್ಪಡಿಸಿ ತೋರಿಸುವ ಶಕ್ತಿಯೂ ಸೂತ್ರಕ್ಕೆ ಇರಬೇಕು.

ಎರಡನೆಯದು, ದೇಶಾಂತರ ಸಂಸ್ಕಾರ ನಡೆದಿದೆಯೇ? ಉಜ್ಜಯಿನಿಯ ರೇಖೆಗೆ ಮಾಡಿದ ಗಣಿತವನ್ನು ತಿದ್ದದೆ ನಮ್ಮೂರಿನ ಸೂರ್ಯೋದಯಕ್ಕೆ ಅನ್ವಯಿಸಲಾಗದಷ್ಟೆ. ಫ್ರಾಮಿಂಗ್‌ಹ್ಯಾಮಿನ ಸೂತ್ರವು ಚೀನಾದ ಜನರಲ್ಲಿ ನಡೆದುದಕ್ಕಿಂತ ಹೆಚ್ಚು ರೋಗವನ್ನು ಹೇಳಿತೆಂದೂ, ಆ ದೇಶದ ಲೆಕ್ಕಕ್ಕೆ ತಿದ್ದಿದ ಮೇಲೆ ಸರಿಹೊಂದಿತೆಂದೂ 2004ರಲ್ಲಿ ಪ್ರಕಟವಾಯಿತು. ನಮ್ಮವರ ಸ್ಥಿತಿಯೇ ಬೇರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೂ ಭಾಗವಹಿಸಿದ್ದ 52 ದೇಶಗಳ ‘ಇಂಟರ್‌ಹಾರ್ಟ್’ ಅಧ್ಯಯನದಿಂದ 2007ರಲ್ಲಿ ತಿಳಿದುಬಂದಂತೆ, ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತವಾದುದು ಸರಾಸರಿ 53ನೆಯ ವಯಸ್ಸಿನಲ್ಲಿ. ಉಳಿದವರಿಗೆ ಸುಮಾರು 59ರಲ್ಲಿ. ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಜಗತ್ತನ್ನು 21 ಪ್ರದೇಶಗಳಾಗಿ ವಿಂಗಡಿಸಿ, ಪ್ರತ್ಯೇಕ ಕೋಷ್ಟಕಗಳನ್ನು ಹೊರಡಿಸಿತು. ಅವುಗಳಲ್ಲೊಂದು ಬಗೆಗೆ ರಕ್ತಪರೀಕ್ಷೆಯೇ ಬೇಡ. ವಯಸ್ಸು, ಲಿಂಗ, ಧೂಮಪಾನ, ರಕ್ತದೊತ್ತಡ, ಎತ್ತರಕ್ಕೆ ತಕ್ಕ ತೂಕ, ಇಷ್ಟೇ ಸಾಕು.

ಮೂರನೆಯದು, ತಿಳಿದುದರಿಂದ ಮಾಡುವ ಕಾರ್ಯವೇನಾದರೂ ಬದಲಾಗುವುದೇ? ಸಿ-ರಿಯಾಕ್ಟಿವ್ ಪ್ರೋಟೀನಿನ ರಕ್ತಪರೀಕ್ಷೆ, ಹೃದಯನಾಳಗಳ ಕ್ಯಾಲ್ಸಿಯಂ ಪರೀಕ್ಷೆ ಮುಂತಾದುವನ್ನು ರೋಗಲಕ್ಷಣವಿಲ್ಲದವರಲ್ಲಿ ಹಳೆಯ ಲೆಕ್ಕಕ್ಕೆ ಸೇರಿಸುವುದರಿಂದಾಗುವ ಲಾಭನಷ್ಟಗಳನ್ನು ತೂಗಲು ಪ್ರಮಾಣಗಳು ಸಾಲವೆಂದು ಅಮೆರಿಕಾದ ರೋಗನಿವಾರಣಾ ತಜ್ಞರ ಮಂಡಲಿಯು 2018ರಲ್ಲಿ ಹೇಳಿತು. ಸಂದಿಗ್ಧವಾದೆಡೆ ವೈದ್ಯರೇ ಅಂಥ ಪರೀಕ್ಷೆಯನ್ನು ಬಯಸುವುದುಂಟು. ಆ ಮಾತು ಬೇರೆ.

ಇಷ್ಟನ್ನು ಬರೆಯಲು ನನಗೊಂದು ಕಾರಣವುಂಟು. ನನ್ನ ತಮ್ಮನಿಗೆ ನೂರರಲ್ಲಿ ಎಂಟು ಎಂಬ ಲೆಕ್ಕವು ಬಂದಿದ್ದಿತು. ಉಳಿದ ತೊಂಬತ್ತೆರಡರಲ್ಲಿ ತಾನಿರುವೆನೆಂದು ನಂಬಿ, ಅವನು ರಕ್ತದೊತ್ತಡದ ಮಾತ್ರೆಯನ್ನು ನಿಲ್ಲಿಸಿದನು. ಮೂರನೆಯ ವರ್ಷ ಅಡಿಕೆಕೊಯ್ಲಿನ ದಿನಗಳಲ್ಲಿ, ಅಂಗಳದಲ್ಲಿಯೇ ಕುಸಿದು ಬಿದ್ದವನು ಮತ್ತೆ ಏಳಲಿಲ್ಲ. ಲೆಕ್ಕವು ಸುಳ್ಳಾಗಿರಲಿಲ್ಲ. ಅದು ನೂರು ಮಂದಿಯ ಮಾತು. ಆ ಎಂಟರಲ್ಲಿ ಯಾರೆಂಬುದನ್ನು ಅದು ಹೇಳಿರಲಿಲ್ಲ. ಎಂಟನ್ನು ಐದಕ್ಕೋ ನಾಲ್ಕಕ್ಕೋ ಇಳಿಸಿಕೊಳ್ಳಿರೆಂಬುದೇ ಅದರ ತಾತ್ಪರ್ಯವಾಗಿದ್ದಿತು. ನಾವು ಅದನ್ನು ಅಭಯಪತ್ರವೆಂದು ಓದಿದೆವು.

ನೆರೆಯವರಿಗೆ ನಾನು ಹೇಳಿದುದಿಷ್ಟೆ: ಮೊದಲು ಸರಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ನೋಡಿಸಿರಿ, ಕೊಟ್ಟ ಮಾತ್ರೆಯನ್ನು ಬಿಡಬೇಡಿರಿ, ಹೊಸ ಪರೀಕ್ಷೆಯು ಬೇಕೇ ಎಂಬುದನ್ನು ಅಲ್ಲಿಯ ವೈದ್ಯರನ್ನೇ ಕೇಳಿರಿ. ಎದೆ ಹಿಂಡಿದಂತಾದರೆ ಯಾವ ಕೋಷ್ಟಕವನ್ನೂ ನೋಡುತ್ತ ಕೂಡದೆ ಒಡನೆಯೇ ಆಸ್ಪತ್ರೆಗೆ ಹೊರಡಿರಿ. ಇನ್ನು ಕಿವಿಯ ಮೇಲಿನ ಆ ಬೀಡಿಯ ಭವಿಷ್ಯವನ್ನು ಹೇಳಲು ಯಾವ ಹೊಸ ಪರೀಕ್ಷೆಯೂ ಬೇಕಾಗಿಲ್ಲ.

ಅವರು ನಕ್ಕು, ಬೀಡಿಯನ್ನು ತೆಗೆದು ಅಂಗಳಕ್ಕೆ ಎಸೆದರು. ನಾಳೆಯೂ ಎಸೆಯುವರೇ ಎಂಬುದನ್ನು ನಾನು ಮುನ್ನುಡಿಯಲಾರೆ.