ಅಜ್ಜಿ ಬರಬಹುದಾದಷ್ಟು ದೂರ

ರಜೆ ಹತ್ತಿರ ಬಂತೆಂದರೆ ನಮ್ಮ ಭಕ್ತರ ಮನೆಗಳಲ್ಲಿ ಈಗ ಎರಡು ಪ್ರಶ್ನೆಗಳು ಏಳುತ್ತವೆ. ಈ ಸಲ ಎಲ್ಲಿಗೆ ಹೋಗುವುದು ಎಂಬುದು ಮೊದಲನೆಯದು. ಎರಡನೆಯದು ತುಸು ತಗ್ಗಿದ ದನಿಯಲ್ಲಿ ಕೇಳಿಬರುತ್ತದೆ: ಅಜ್ಜಿಯನ್ನು ಎಲ್ಲಿ ಬಿಡುವುದು? ಊಟಿ, ಗೋವಾ, ಕೇರಳ ಎಂದು ಊರುಗಳ ಹೆಸರು ದೂರವಾದಷ್ಟೂ ಈ ಎರಡನೆಯ ಪ್ರಶ್ನೆ ಬಲಿಯುತ್ತದೆ. ಕಡೆಗೆ ಅವರನ್ನು ಮಗಳ ಮನೆಗೆ ಕಳುಹಿಸುತ್ತಾರೆ, ಇಲ್ಲವೇ ನೆರೆಯವರಿಗೆ ಒಂದು ಮಾತು ಹೇಳಿ ಮನೆಯಲ್ಲಿಯೇ ಬಿಟ್ಟು ಹೊರಡುತ್ತಾರೆ. ‘ನನಗ ಮೊಣಕಾಲು ಬ್ಯಾನಿ, ನೀವು ಹೋಗಿ ಬರ್ರಿ’ ಎಂದು ಅಜ್ಜಿಯೂ ಹೇಳುತ್ತಾರೆ. ಆ ಮಾತನ್ನು ಮನಃಪೂರ್ವಕವಾದ ಒಪ್ಪಿಗೆಯೆಂದು ತಿಳಿದುಕೊಳ್ಳುವುದು ನಮಗೆಲ್ಲ ಅನುಕೂಲವಾಗಿದೆ.

ದೂರದ ಪ್ರವಾಸವೇ ಬೇಡವೆಂದು ನಾವು ಹೇಳುತ್ತಿಲ್ಲ. ಸಮುದ್ರ ಕಾಣದ ಮಗು ಸಮುದ್ರವನ್ನು ಕಾಣಲಿ. ಶ್ರೀಶೈಲಕ್ಕೆ ಹೋಗಬೇಕೆಂದವರು ಹೋಗಿ ಬರಲಿ. ಆದರೆ ಒಂದು ಕುಟುಂಬದ ಆರೋಗ್ಯಕ್ಕೆ ವರ್ಷಕ್ಕೊಮ್ಮೆಯ ದೂರಯಾತ್ರೆಗಿಂತ ತಿಂಗಳಿಗೊಮ್ಮೆಯ ಸಮೀಪದ ವಿಹಾರವೂ, ಅದಕ್ಕಿಂತ ಮಿಗಿಲಾಗಿ ದಿನವೂ ಎಲ್ಲರೂ ಕೂಡಿ ಕುಳಿತುಕೊಳ್ಳುವ ಮನೆಯೊಳಗಿನ ಜಾಗವೂ ಹೆಚ್ಚು ಉಪಕಾರಿ ಎಂಬುದು ನಮ್ಮ ನಿಶ್ಚಿತ ಅಭಿಪ್ರಾಯ. ವಿಹಾರದ ದೂರವನ್ನು ಕಿಲೋಮೀಟರಿನಿಂದ ಅಳೆಯಬಾರದು. ಮನೆಯ ಹಿರಿಯ ಜೀವದ ಮೊಣಕಾಲಿನಿಂದಲೂ, ಕಿರಿಯ ಕೂಸಿನ ಹಸಿವಿನಿಂದಲೂ ಅಳೆಯಬೇಕು.

ಮೂರು ದಿನದ ರಜೆಯಲ್ಲಿ ಐದು ಊರು ನೋಡಿ ಬಂದವರನ್ನು ಸೋಮವಾರ ಬೆಳಿಗ್ಗೆ ಮಾತನಾಡಿಸಿದರೆ ದೂರಯಾತ್ರೆಯ ಫಲ ತಿಳಿಯುತ್ತದೆ. ಕಣ್ಣು ಕೆಂಪಗಾಗಿರುತ್ತವೆ, ಹೊಟ್ಟೆ ಕೆಟ್ಟಿರುತ್ತದೆ, ಮಕ್ಕಳಿಗೆ ನೆಗಡಿ ಹಿಡಿದಿರುತ್ತದೆ. ಇದರಾಚೆಗೆ ಇನ್ನೊಂದು ಸಂಗತಿಯಿದೆ. ವಿಮಾನವಿರಲಿ, ಬಸ್ಸಿರಲಿ, ಕಾರಿರಲಿ, ಒಂದೇ ಭಂಗಿಯಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಕುಳಿತು ಪ್ರಯಾಣ ಮಾಡಿದರೆ ಕಾಲಿನ ಒಳನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಿಳಿಸಿತು. ಆರೋಗ್ಯವಂತರಲ್ಲಿ ಈ ಅಪಾಯ ಮೊದಲೇ ಅತ್ಯಲ್ಪವಾದುದರಿಂದ ಇಮ್ಮಡಿಯಾದರೂ ಭಯಪಡಬೇಕಾಗಿಲ್ಲ; ಆದರೆ ವಯಸ್ಸಾದವರು, ಸ್ಥೂಲಕಾಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಗರ್ಭಿಣಿಯರು ಇದನ್ನು ಲಕ್ಷ್ಯದಲ್ಲಿಡಲೇಬೇಕು. ಅದರಲ್ಲೂ ನಮ್ಮ ಹೆಣ್ಣುಮಕ್ಕಳು ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂಬ ಅಂಜಿಕೆಯಿಂದ ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಟ್ಟಿರುತ್ತಾರೆ. ಊರಿಗೆ ಮರಳಿದ ಎರಡು ದಿನಕ್ಕೆ ಉರಿಮೂತ್ರವೆಂದು ವೈದ್ಯರ ಬಳಿಗೆ ಹೋಗುವವರಲ್ಲಿ ಇಂಥವರು ಎಷ್ಟೋ ಮಂದಿ.

ನಮ್ಮ ಹಿರಿಯರಿಗೆ ವಿಹಾರವೆಂಬ ಶಬ್ದ ಬಳಕೆಯಲ್ಲಿ ಇರಲಿಲ್ಲವಾದರೂ ವಿಹಾರವಿತ್ತು. ಎಳ್ಳು ಅಮಾವಾಸ್ಯೆಯ ದಿನ ಸಜ್ಜೆರೊಟ್ಟಿ, ಎಣ್ಣೆಗಾಯಿ, ಕಡಬು, ಶೇಂಗಾ ಹೋಳಿಗೆಗಳ ಬುತ್ತಿ ಕಟ್ಟಿ, ಚಕ್ಕಡಿ ಹೂಡಿ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬನ್ನಿಯ ಮರದ ಬುಡದಲ್ಲಿ ಉಂಡು ಬರುತ್ತಿದ್ದರು. ಸೀಗೆ ಹುಣ್ಣಿಮೆಗೂ ಹೊಲ, ಸಂಕ್ರಾಂತಿಗೆ ಹೊಳೆ. ಚಕ್ಕಡಿಯಲ್ಲಿ ಮೊದಲು ಕುಳಿತುಕೊಳ್ಳುತ್ತಿದ್ದವರು ಮುದುಕರು, ಆಮೇಲೆ ಕೂಸುಗಳು. ನಡೆಯಬಲ್ಲವರು ಹಿಂದೆ ನಡೆದು ಬರುತ್ತಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಮನೆಯಲ್ಲಿರುತ್ತಿದ್ದರು. ಒಂದೇ ಹಗಲಿನಲ್ಲಿ ಬಿಸಿಲು, ನಡಿಗೆ, ಹಸಿವು, ತೃಪ್ತಿ, ರಾತ್ರಿಗೆ ಗಾಢನಿದ್ರೆ ಇಷ್ಟೂ ದೊರೆಯುತ್ತಿದ್ದವು. ಇಂದಿಗೂ ಹೊಲವಿದ್ದವರು ಇದನ್ನು ಬಿಟ್ಟಿಲ್ಲ. ಹೊಲವನ್ನು ಲಾವಣಿಗೆ ಕೊಟ್ಟು ಪಟ್ಟಣ ಸೇರಿದವರು ಬಿಟ್ಟಿದ್ದಾರೆ.

ಹೊರಗೆ ಹೋಗುವ ಮಾತಿಗಿಂತ ಮೊದಲು ಮನೆಯ ಮಾತನ್ನು ಆಡಬೇಕು. ಏಕೆಂದರೆ ವರ್ಷದ 365 ದಿನಗಳಲ್ಲಿ ವಿಹಾರಕ್ಕೆ ಹೋಗುವ ದಿನಗಳನ್ನು ಬೆರಳಿನಲ್ಲಿ ಎಣಿಸಬಹುದು. ಉಳಿದವೆಲ್ಲ ಮನೆಯ ದಿನಗಳೇ.

ನಮ್ಮ ಭಾಗದ ಹಳೆಯ ಮಾಳಿಗೆ ಮನೆಗಳನ್ನು ನೆನೆಯೋಣ. ಬೀದಿಗೆ ಹೊಂದಿ ಎರಡು ಪಕ್ಕದಲ್ಲಿ ಕಟ್ಟೆ, ಒಳಗೆ ಕಾಲಿಟ್ಟರೆ ದನ ಕಟ್ಟುವ ಅಂಕಣ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ನಡುವೆ ಬೆಳಕಿಂಡಿ, ಹಿಂದೆ ಅಡುಗೆಮನೆ, ಹಿತ್ತಲು. ಗಾಳಿ ಬೆಳಕು ಕಡಿಮೆ, ಹೊಗೆ ಹೆಚ್ಚು, ದನಗಳ ಜೊತೆಗೆ ನೊಣವೂ ಹೆಚ್ಚು ಎಂಬ ದೋಷಗಳು ಅವಕ್ಕಿದ್ದವು. ಅವನ್ನು ಕೆಡವಿ ಹೊಸ ಮನೆ ಕಟ್ಟಿಸಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಕೆಡವುವಾಗ ಕಟ್ಟೆಯೂ ಹೋಯಿತು, ಪಡಸಾಲೆಯೂ ಹೋಯಿತು. ಕಟ್ಟೆಯಿದ್ದ ಜಾಗದಲ್ಲಿ ಎತ್ತರದ ಕಂಪೌಂಡು ಬಂದಿದೆ, ಪಡಸಾಲೆಯ ಜಾಗದಲ್ಲಿ ಟಿವಿಯ ಕಡೆಗೆ ಮುಖ ಮಾಡಿದ ಸೋಫಾ ಬಂದಿದೆ. ಉಳಿದದ್ದು ಬೇರೆ ಬೇರೆ ಕೋಣೆಗಳು, ಒಂದೊಂದು ಕೋಣೆಗೆ ಒಂದೊಂದು ಬಾಗಿಲು, ಒಂದೊಂದು ಬಾಗಿಲ ಹಿಂದೆ ಒಂದೊಂದು ಮೊಬೈಲು.

ಕಟ್ಟೆಯನ್ನು ನಾವು ಔಷಧಾಲಯವೆಂದೇ ಕರೆಯಬಯಸುತ್ತೇವೆ. ಬೆಳಗಿನ ಎಳೆಬಿಸಿಲಿನಲ್ಲಿ ಕಟ್ಟೆಯ ಮೇಲೆ ಕುಳಿತ ಮುದುಕರ ದೇಹಕ್ಕೆ ಹಗಲು ಆರಂಭವಾಯಿತೆಂಬ ಸೂಚನೆ ಕಣ್ಣಿನ ಮೂಲಕ ಮುಟ್ಟುತ್ತದೆ. ಬೆಳಗಿನ ಬೆಳಕು ಕಂಡವರಿಗೆ ರಾತ್ರಿಯ ನಿದ್ರೆ ಹೊತ್ತಿಗೆ ಸರಿಯಾಗಿ ಬರಲು ಸಹಾಯವಾಗುತ್ತದೆ. ಬಿಸಿಲು ಮೈಗೆ ತಾಗಿದಾಗ ಚರ್ಮದಲ್ಲಿ ಉತ್ಪತ್ತಿಯಾಗುವ ‘ಡಿ’ ಜೀವಸತ್ವ ಎಲುಬಿಗೆ ಬೇಕು. ಕತ್ತಲೆಯ ಕೋಣೆಯಲ್ಲಿ ಹಗಲೆಲ್ಲ ತೂಕಡಿಸಿ ರಾತ್ರಿ ನಿದ್ರೆ ಬಾರದೆ ಗುಳಿಗೆ ನುಂಗುವ ಹಿರಿಯರನ್ನು ಮೊದಲು ಹತ್ತು ದಿನ ಬೆಳಿಗ್ಗೆ ಹೊರಗೆ ಕೂರಿಸಿ ನೋಡಬೇಕು. ಮೇಲಾಗಿ ಕಟ್ಟೆಯೆಂದರೆ ಮಾತು. ಹಾಲು ಹಾಕುವವನು, ಶಾಲೆಗೆ ಹೋಗುವ ಹುಡುಗರು, ಎದುರು ಮನೆಯ ಸೊಸೆ, ಎಲ್ಲರೂ ಒಂದೊಂದು ಮಾತು ಆಡಿಸಿ ಹೋಗುತ್ತಾರೆ. ಲೋಕದ ಪ್ರತಿ 6 ಮಂದಿಯಲ್ಲಿ ಒಬ್ಬರನ್ನು ಒಂಟಿತನ ಬಾಧಿಸುತ್ತಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವು 2025ರಲ್ಲಿ ವರದಿ ಮಾಡಿದೆ. ಹೃದ್ರೋಗ, ಪಾರ್ಶ್ವವಾಯು, ಖಿನ್ನತೆಗಳಿಗೂ ಅದಕ್ಕೂ ನಂಟಿದೆಯೆಂದು ಹೇಳಿದೆ. ಮಗ, ಸೊಸೆ, ಮೊಮ್ಮಕ್ಕಳಿರುವ ತುಂಬಿದ ಮನೆಯಲ್ಲಿಯೂ ಒಬ್ಬ ಅಜ್ಜ ಒಂಟಿಯಾಗಿರಬಹುದು ಎಂಬುದನ್ನು ಹೊಸ ಮನೆಗಳ ನಕ್ಷೆ ನೋಡಿದರೆ ತಿಳಿಯುತ್ತದೆ: ಅಜ್ಜನ ಕೋಣೆ ಸಾಮಾನ್ಯವಾಗಿ ಹಿಂಭಾಗದಲ್ಲಿರುತ್ತದೆ.

ಮಕ್ಕಳಿಗೂ ಅಂಗಳ ಬೇಕು. ಚಿಕ್ಕ ವಯಸ್ಸಿಗೇ ಕನ್ನಡಕ ಹಾಕಿಕೊಳ್ಳುವ ಮಕ್ಕಳು ಈಗ ಹಳ್ಳಿಗಳಲ್ಲಿಯೂ ಕಾಣುತ್ತಾರೆ. ತೈವಾನ್ ದೇಶದಲ್ಲಿ ಈ ತೊಂದರೆ ಮಿತಿಮೀರಿದಾಗ 2010ರಿಂದ ಶಾಲಾಮಕ್ಕಳು ದಿನಕ್ಕೆ 120 ನಿಮಿಷ ಹೊರಾಂಗಣದ ಬೆಳಕಿನಲ್ಲಿರಬೇಕೆಂಬ ಕಾರ್ಯಕ್ರಮವನ್ನು ಆರಂಭಿಸಿದರು. ಅಲ್ಲಿಯವರೆಗೆ ಏರುತ್ತಲೇ ಇದ್ದ ಸಮೀಪದೃಷ್ಟಿಯ ಪ್ರಮಾಣ ಮುಂದಿನ ವರ್ಷಗಳಲ್ಲಿ ಇಳಿಮುಖವಾಯಿತು. ಹೊರಗಿನ ಬೆಳಕು ಕಣ್ಣುಗುಡ್ಡೆ ಅತಿಯಾಗಿ ಉದ್ದವಾಗುವುದನ್ನು ತಡೆಯುತ್ತದೆಂದು ತಜ್ಞರು ವಿವರಿಸುತ್ತಾರೆ. ಇದಕ್ಕೆ ಆಟದ ಮೈದಾನವೇ ಬೇಕೆಂದಿಲ್ಲ. ಅಂಗಳ, ಹಿತ್ತಲು, ಮಾಳಿಗೆಯ ಮೇಲಿನ ಸಂಜೆ ಸಾಕು. ನಾಗರಪಂಚಮಿಗೆ ಕಟ್ಟಿದ ಜೋಕಾಲಿಯನ್ನು ಹಬ್ಬ ಮುಗಿದ ಮರುದಿನವೇ ಬಿಚ್ಚಬೇಕೆಂಬ ನಿಯಮವನ್ನು ಯಾರು ಮಾಡಿದರೋ ತಿಳಿಯದು.

ಹೊಸ ಮನೆ ಕಟ್ಟಿಸುವ ಭಕ್ತರಲ್ಲಿ ನಮ್ಮ ವಿನಂತಿಯಿಷ್ಟು. ಒಂದು ಮೊಳ ಅಗಲದ ಕಟ್ಟೆಯನ್ನಾದರೂ ಬಾಗಿಲ ಮುಂದೆ ಉಳಿಸಿರಿ. ತೀರ ತಗ್ಗಾಗಿದ್ದರೆ ಮೊಣಕಾಲು ನೋವಿದ್ದವರಿಗೆ ಏಳಲಾಗದು, ಕುರ್ಚಿಯ ಎತ್ತರವಿರಲಿ. ಟೈಲ್ಸ್ ಆರಿಸುವಾಗ ಹೊಳಪನ್ನು ನೋಡಬೇಡಿರಿ. ಕನ್ನಡಿಯಂತೆ ಹೊಳೆಯುವ ನೆಲದ ಮೇಲೆ ಒಂದು ತಂಬಿಗೆ ನೀರು ಚೆಲ್ಲಿದರೆ ಹಿರಿಯರೊಬ್ಬರ ತೊಡೆಯೆಲುಬು ಮುರಿಯಲು ಅಷ್ಟು ಸಾಕು. ಬಚ್ಚಲುಮನೆಗೆ ಒರಟು ನೆಲ, ಗೋಡೆಗೆ ಹಿಡಿಕೆ ಇರಲಿ. ದಿನಕ್ಕೆ ಒಂದು ಹೊತ್ತಾದರೂ ಎಲ್ಲರೂ ಒಂದೆಡೆ ಕುಳಿತು ಉಣ್ಣುವಷ್ಟು ಜಾಗವನ್ನು ಬಿಟ್ಟು, ಆಮೇಲೆ ಕೋಣೆಗಳ ಲೆಕ್ಕ ಹಾಕಿರಿ. ಪಟ್ಟಣದ ಅಪಾರ್ಟ್‌ಮೆಂಟುಗಳಲ್ಲಿರುವವರಿಗೆ ಇದೆಲ್ಲ ಅಸಾಧ್ಯವೆನಿಸಬಹುದು. ಅವರು ಬಾಲ್ಕನಿಯಲ್ಲಿ ಪೇರಿಸಿಟ್ಟ ಹಳೆಯ ಸಾಮಾನುಗಳನ್ನು ತೆಗೆದು ಎರಡು ಕುರ್ಚಿ ಹಾಕಿದರೆ ಅವರಿಗೂ ಒಂದು ಕಟ್ಟೆ ಸಿಕ್ಕಂತೆಯೇ.

ಇನ್ನು ಹೊರಗಿನ ಮಾತು. ಗದಗ ಪ್ರಾಂತದ ಭಕ್ತರನ್ನು ಕಣ್ಣಮುಂದೆ ಇಟ್ಟುಕೊಂಡು ಹೇಳುವುದಾದರೆ, ಗದುಗಿನಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿ ಲಕ್ಕುಂಡಿಯಿದೆ. ಎದುರುಬದುರಾಗಿ ನಿಂತ ಕಾಶಿವಿಶ್ವನಾಥ ಹಾಗೂ ಸೂರ್ಯನಾರಾಯಣ ಗುಡಿಗಳು, ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಮುಸುಕಿನ ಬಾವಿ. ಮಕ್ಕಳು ದೊಡ್ಡವರ ಕೈ ಹಿಡಿದು ಬಾವಿಯ ಮೆಟ್ಟಿಲನ್ನು ಇಳಿಯುವಾಗ ಅಜ್ಜಿಯವರು ಗುಡಿಯ ಜಗಲಿಯ ಮೇಲೆ ನೆರಳಿನಲ್ಲಿ ಕುಳಿತಿರಬಹುದು. ಮುಂಡರಗಿಯ ದಾರಿಯಲ್ಲಿ ಡಂಬಳದ ದೊಡ್ಡಬಸಪ್ಪ ಗುಡಿಯಿದೆ. ಅದರ ಗರ್ಭಗುಡಿಯ ತಳವಿನ್ಯಾಸ 24 ಮೂಲೆಗಳ ನಕ್ಷತ್ರದಂತಿದೆ. ಮೊಮ್ಮಕ್ಕಳು ಸುತ್ತು ಹಾಕಿ ಎಣಿಸಲಿ, ಲೆಕ್ಕ ತಪ್ಪಿದರೆ ಮತ್ತೊಂದು ಸುತ್ತು ಹಾಕಲಿ. ಅಷ್ಟೇ ವ್ಯಾಯಾಮವಾಯಿತು. 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಪ್ಪತಗುಡ್ಡದ ಸೆರಗು ಅಲ್ಲಿಂದ ದೂರವಿಲ್ಲ. ಅಲ್ಲಿನ ಔಷಧಿ ಸಸ್ಯಗಳನ್ನು ಕಿತ್ತು ತಂದು ಮನೆವೈದ್ಯ ಮಾಡುವ ಉತ್ಸಾಹ ಮಾತ್ರ ಬೇಡ. ನೋಡಿದರೆ ಸಾಕು, ಗುಡ್ಡದ ಗಾಳಿ ಕುಡಿದರೆ ಸಾಕು.

ಶಿರಹಟ್ಟಿಯ ಸಮೀಪದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹೋಗಬೇಕು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಹಗಲೆಲ್ಲ ಆ ನೀರಿನಲ್ಲಿ ವಿಶ್ರಮಿಸುತ್ತವೆ. 2024ರಲ್ಲಿ ಇದು ರಾಮ್ಸರ್ ಪಟ್ಟಿಗೆ ಸೇರಿ, ಅಂತರರಾಷ್ಟ್ರೀಯ ಮಹತ್ವದ ಜೌಗುನೆಲವೆಂಬ ಮನ್ನಣೆ ಪಡೆಯಿತು. ಹಕ್ಕಿಗಳನ್ನು ನೋಡಬೇಕಾದರೆ ಸುಮ್ಮನೆ ನಿಲ್ಲಬೇಕು, ಗದ್ದಲ ಮಾಡಬಾರದು. ಒಂದು ಕ್ಷಣ ಸುಮ್ಮನಿರಲಾರದ ಮಕ್ಕಳಿಗೂ, ಮೊಬೈಲ್ ಬಿಟ್ಟಿರಲಾರದ ತಂದೆತಾಯಿಗಳಿಗೂ ಇದಕ್ಕಿಂತ ಒಳ್ಳೆಯ ಪಾಠಶಾಲೆಯನ್ನು ನಾವು ಕಾಣೆವು. ಬಾಗಲಕೋಟೆಯ ಕಡೆಯವರಿಗೆ ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮವಿದೆ. ಉಳಿದ ಊರಿನವರು ತಮ್ಮ ತಮ್ಮ ಸುತ್ತಲಿನ 40 ಕಿಲೋಮೀಟರನ್ನು ಒಮ್ಮೆ ಎಣಿಸಿ ನೋಡಲಿ.

ಖರ್ಚಿನ ಮಾತು ಚಿಕ್ಕದು. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತ ಪ್ರಯಾಣವಿದೆ. ಸಾಲ ಮಾಡಿ ಹೋದ ಪ್ರವಾಸದ ಕಂತನ್ನು ವರ್ಷವಿಡೀ ಕಟ್ಟುವ ಚಿಂತೆ ರಕ್ತದೊತ್ತಡಕ್ಕೆ ಒಳ್ಳೆಯದಲ್ಲ.

ಬುತ್ತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಹಿಂಡಿ, ಮೊಸರನ್ನ, ಸೌತೆಕಾಯಿ ಇದ್ದರೆ ಹಗಲೊಪ್ಪತ್ತಿನ ವಿಹಾರಕ್ಕೆ ಬೇರೇನೂ ಬೇಡ. ಕರಿದ ಪೊಟ್ಟಣಗಳನ್ನು ಕೊಳ್ಳುವ ಪ್ರಮೇಯವೂ ಬರದು. ಆದರೆ ಈ ಬುತ್ತಿ ಕಟ್ಟಲು ಮನೆಯ ಸೊಸೆಯೊಬ್ಬಳೇ ನಸುಕಿನ ನಾಲ್ಕಕ್ಕೆ ಎದ್ದು, ಮರಳಿದ ಮೇಲೆ ಪಾತ್ರೆಯನ್ನೂ ಆಕೆಯೇ ತಿಕ್ಕಬೇಕಾದರೆ, ಉಳಿದವರಿಗೆ ವಿಹಾರವಾಯಿತು, ಆಕೆಗೆ ಇಮ್ಮಡಿ ದುಡಿಮೆಯಾಯಿತು. ಹಿಂದಿನ ದಿನವೇ ರೊಟ್ಟಿ ಆಗಲಿ, ಗಂಡಸರು ತರಕಾರಿ ಹೆಚ್ಚಲಿ, ಹುಡುಗರು ನೀರು ತುಂಬಲಿ. ಬರೀ ಇಷ್ಟಕ್ಕೇ ಮುಖ ಸಿಂಡರಿಸುವ ಗಂಡಸರಿದ್ದರೆ ಅವರು ಮನೆಯಲ್ಲೇ ಉಳಿಯಲಿ ಎನ್ನಲು ನಮಗೆ ಸಂಕೋಚವಿಲ್ಲ.

ಸಕ್ಕರೆ ಕಾಯಿಲೆಯಿದ್ದವರು ಗುಳಿಗೆ, ಇನ್ಸುಲಿನ್ ಜೊತೆಗೆ ಒಂದಿಷ್ಟು ಬೆಲ್ಲವನ್ನೋ ಸಕ್ಕರೆಯನ್ನೋ ಕೈಚೀಲದಲ್ಲಿಡಬೇಕು. ಊಟದ ಹೊತ್ತು ಮೀರಿ ಬೆವರು, ನಡುಕ ಬಂದರೆ ಅದೇ ಮೊದಲ ಆಸರೆ. ಇನ್ಸುಲಿನ್ನನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬಾರದು. ಪೂಜೆ ಮುಗಿಸಿ ಎಂಟಕ್ಕೆ ಹೊರಟು ಸಂಜೆ ಐದಕ್ಕೆ ಮರಳುವಂತಿರಲಿ. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಹಿರಿಯರನ್ನು ಕರೆದುಕೊಂಡು ಹೋಗುವುದೇ ಬೇಡ. ಹೊಳೆ, ಕೆರೆಯ ದಂಡೆಯಲ್ಲಿ ಮಕ್ಕಳ ಮೇಲೆ ಒಬ್ಬರ ಕಣ್ಣು ಸದಾ ಇರಲಿ. ಆಳ ತಿಳಿಯದ ನೀರಿಗೆ ಯಾರೂ ಇಳಿಯಬಾರದು.

ಇಷ್ಟೆಲ್ಲ ನಮ್ಮ ಕೈಯಲ್ಲಿದೆ. ಕೈಯಲ್ಲಿಲ್ಲದ್ದು ಒಂದು, ಮೇಲೆ ಹೇಳಿದ ಶೌಚಾಲಯ. ಪ್ರೇಕ್ಷಣೀಯ ಸ್ಥಳವೆಂಬ ಫಲಕ ಹಾಕಿದ ಎಷ್ಟೋ ಊರುಗಳಲ್ಲಿ ಶೌಚಾಲಯದ ಕಟ್ಟಡವಿದೆ, ಬಣ್ಣವೂ ಇದೆ, ಬಾಗಿಲಿಗೆ ಬೀಗವಿದೆ. ಬೀಗ ತೆರೆದಿದ್ದರೆ ನೀರಿಲ್ಲ. ನೆಲದ ಮಟ್ಟದ ಕಕ್ಕಸಿನಲ್ಲಿ ಕೂರಲಾರದ ಹಿರಿಯರಿಗೆ ಎತ್ತರದ ಆಸನವಂತೂ ಅಪರೂಪ. ಎಪ್ಪತ್ತು ದಾಟಿದ ತಾಯಿಯೊಬ್ಬರು ಮನೆಯಿಂದ ಹೊರಬರಲು ಒಲ್ಲೆನೆನ್ನುವುದಕ್ಕೆ ಮೊಣಕಾಲಿಗಿಂತ ಇದೇ ದೊಡ್ಡ ಕಾರಣವಾಗಿರುತ್ತದೆ. ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಸದಸ್ಯರಾಗಿರುವ ಭಕ್ತರು ನಮ್ಮಲ್ಲಿ ಅನೇಕರಿದ್ದಾರೆ. ಮುಂದಿನ ಸಭೆಯಲ್ಲಿ ಅವರು ಎದ್ದು ನಿಂತು ಆ ಬೀಗದ ಕೀಲಿ ಯಾರ ಬಳಿ ಇದೆಯೆಂದು ಕೇಳಲಿ. ಉತ್ತರ ಸಿಗುವವರೆಗೂ ಕೇಳಲಿ.