ಬಡಾವಣೆಯ ಕ್ರಾಸಿನಲ್ಲಿ ಒಂದು ಕ್ಷಣ ನಿಲ್ಲಿ

ರಸ್ತೆ ಅಪಘಾತವೆಂದರೆ ನಮಗೆ ನೆನಪಾಗುವುದು ಹೆದ್ದಾರಿ, ಲಾರಿ, ಬಸ್ಸು. ಮನೆಯ ಹತ್ತಿರದ ಕ್ರಾಸಿನಲ್ಲಿ ಸ್ಕೂಟರು ತಾಗಿ ಅಜ್ಜಿ ಬಿದ್ದರೆ ಅದು ಸುದ್ದಿಯಾಗುವುದಿಲ್ಲ. ಆದರೆ ಬಡಾವಣೆಯ ವೈದ್ಯರು ನೋಡುವುದು ಇಂಥವನ್ನೇ: ಮುರಿದ ಮಣಿಕಟ್ಟು, ಕಿತ್ತುಹೋದ ಮಂಡಿಯ ಚರ್ಮ, ತಲೆಗೆ ಪೆಟ್ಟಾಗಿ ವಾಂತಿ ಮಾಡುವ ಮಗು.

ವಯಸ್ಸಾದವರ ಮೂಳೆ ಸವೆದು ದುರ್ಬಲವಾಗಿರುತ್ತದೆ. ಸಣ್ಣ ಪೆಟ್ಟಿಗೂ ಸೊಂಟದ ಕೀಲಿನ ಬಳಿ ತೊಡೆಮೂಳೆ ಮುರಿಯಬಹುದು. ಹಾಸಿಗೆ ಹಿಡಿದರೆ ಬೆನ್ನಿನ ಮೇಲೆ ಹುಣ್ಣು, ಶ್ವಾಸಕೋಶದ ಸೋಂಕು, ಕಾಲಿನ ರಕ್ತನಾಳಗಳಲ್ಲಿ ಹೆಪ್ಪು. ಮುರಿದ ಮೂಳೆಗಿಂತ ಇವೇ ಪ್ರಾಣಕ್ಕೆ ಎರವಾಗುವುದುಂಟು.

ಬೆಂಗಳೂರಿನ ಜಯನಗರವಾಗಲಿ, ಮೈಸೂರಿನ ಕುವೆಂಪುನಗರವಾಗಲಿ, ನಮ್ಮ ಬಡಾವಣೆಗಳಲ್ಲಿ ಮೈನುಗಳು, ಕ್ರಾಸುಗಳು ಹೆಜ್ಜೆಗೊಮ್ಮೆ ಸೇರುತ್ತವೆ. 30 ಅಡಿ ರಸ್ತೆಯೆಂದರೆ ಸುಮಾರು 9 ಮೀಟರ್. ಮಂಡಿನೋವಿನ ಹಿರಿಯರಿಗೆ ಅದನ್ನು ದಾಟಲು 10 ಸೆಕೆಂಡಾದರೂ ಬೇಕು. ಗಂಟೆಗೆ 40 ಕಿ.ಮೀ. ವೇಗದ ಸ್ಕೂಟರು ಅಷ್ಟರಲ್ಲಿ 110 ಮೀಟರ್ ಬಂದಿರುತ್ತದೆ. ಅಂದರೆ ಅವರು ರಸ್ತೆಗೆ ಕಾಲಿಟ್ಟಾಗ ಅದು ಬಹುಶಃ ಕಣ್ಣಿಗೇ ಬಿದ್ದಿರುವುದಿಲ್ಲ. ಚಿಕ್ಕ ಮಕ್ಕಳಿಗಂತೂ ವಾಹನದ ವೇಗವನ್ನು ಅಂದಾಜು ಮಾಡುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಮೂಲೆಯಲ್ಲಿ ನಿಂತ ಕಾರಿನ ಹಿಂದೆ ಅವರು ಚಾಲಕನಿಗೆ ಕಾಣಿಸುವುದೂ ಇಲ್ಲ. ಇನ್ನು ವೇಗ ಎರಡರಷ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕರಷ್ಟಾಗುತ್ತದೆ.

ಇದಕ್ಕೆ ನಮ್ಮ ಜನ ಕೇಳುವ ಮೊದಲ ಮದ್ದು ಹಂಪು. ಶಾಲೆಯ ಮುಂದೆ ಸರಿಯಾದ ಅಳತೆಯ ಹಂಪು ಬೇಕು, ನಿಜ. ಆದರೆ ಬಣ್ಣವಿಲ್ಲದೆ, ಅಳತೆಯಿಲ್ಲದೆ ಮನೆಗೊಂದರಂತೆ ಎಬ್ಬಿಸಿದ ಉಬ್ಬುಗಳಿಂದ ಸ್ಕೂಟರಿನ ಹಿಂದೆ ಕುಳಿತವರು ಬೀಳುತ್ತಾರೆ, ಹಿರಿಯರ ಬೆನ್ನುಮೂಳೆಗೆ ಪೆಟ್ಟಾಗುತ್ತದೆ, ಆಂಬುಲೆನ್ಸ್ ತಡವಾಗುತ್ತದೆ. ಅದಕ್ಕೂ ಮೊದಲು ಪ್ರಯತ್ನಿಸಬೇಕಾದ ಅಗ್ಗದ ಉಪಾಯ ಸ್ಟಾಪ್ ಫಲಕ.

ಎಂಟು ಮೂಲೆಯ ಆ ಕೆಂಪು ಫಲಕವನ್ನು ಲೈಸೆನ್ಸ್ ಪಡೆಯುವಾಗ ಎಲ್ಲರೂ ಪುಸ್ತಕದಲ್ಲಿ ನೋಡಿರುತ್ತೇವೆ. ಅದರ ಅರ್ಥ 'ನಿಧಾನವಾಗಿ ಹೋಗಿ' ಎಂದಲ್ಲ. ಚಕ್ರ ಪೂರ್ತಿ ನಿಲ್ಲಬೇಕು, ಎರಡೂ ಕಡೆ ನೋಡಬೇಕು, ಆಮೇಲೆ ಹೊರಡಬೇಕು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇದು ಪಾಲಿಸಲೇಬೇಕಾದ ಆಜ್ಞೆ, ಸಲಹೆಯಲ್ಲ.

'ಕೆಂಪು ದೀಪಕ್ಕೇ ನಿಲ್ಲದವರು ಫಲಕಕ್ಕೆ ನಿಲ್ಲುತ್ತಾರೆಯೇ ಡಾಕ್ಟರೇ?' ಎಂದು ಕೇಳುವವರಿದ್ದಾರೆ. ಈ ಸಂದೇಹ ಸಹಜ. ಅದಕ್ಕೇ ಫಲಕವನ್ನು ಕಂಡಕಂಡಲ್ಲಿ ನೆಡಬಾರದು. ಎಲ್ಲ ಜ್ವರಕ್ಕೂ ಆಂಟಿಬಯೋಟಿಕ್ ಕೊಟ್ಟರೆ ಕೊನೆಗೆ ಅದು ಕೆಲಸ ಮಾಡದು, ಇದೂ ಹಾಗೆಯೇ. ಕ್ರಾಸು ಮೈನ್ ರಸ್ತೆಯನ್ನು ಸೇರುವಲ್ಲಿ, ಅದರಲ್ಲೂ ಕಾಂಪೌಂಡು ಅಡ್ಡವಾಗಿ ಬರುವ ವಾಹನ ಕಾಣದಿರುವಲ್ಲಿ, ಶಾಲೆ, ಪಾರ್ಕು, ದೇವಸ್ಥಾನಗಳ ಬಳಿ, ಕ್ರಾಸಿನ ಕಡೆಯಿಂದ ಬರುವವರಿಗೆ ಕಾಣುವಂತೆ ಹಾಕಬೇಕು. ಜೊತೆಗೆ ನೆಲದ ಮೇಲೆ ದಪ್ಪ ಬಿಳಿ ಗೆರೆ ಬೇಕು. ಮೂಲೆಯಲ್ಲಿ ಕಾರು ನಿಲ್ಲಿಸುವುದು ತಪ್ಪಬೇಕು; ಫ್ಲೆಕ್ಸು, ಬೆಳೆದ ಗಿಡದ ಕೊಂಬೆ ಫಲಕವನ್ನು ಮುಚ್ಚಬಾರದು. ಮೊದಲ ಕೆಲವು ವಾರ ಪೊಲೀಸರು ನಿಂತು ದಂಡ ಹಾಕಿದರೆ ಅಭ್ಯಾಸ ತಾನಾಗಿ ಬರುತ್ತದೆ. ಕರ್ನಾಟಕದಲ್ಲಿ 2016ರಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದಾಗ ಗೊಣಗಿದವರು ಎಷ್ಟು ಮಂದಿ! ಇಂದು ಅವರಲ್ಲೇ ಅನೇಕರು ಅದಿಲ್ಲದೆ ಹೊರಡುವುದಿಲ್ಲ.

ಬಡಾವಣೆಯ ನಿವಾಸಿಗಳ ಸಂಘದವರು ಅಪಾಯದ ಕ್ರಾಸುಗಳನ್ನು ಪಟ್ಟಿ ಮಾಡಿ, ಸಂಚಾರ ಪೊಲೀಸ್ ಠಾಣೆಗೂ ಪಾಲಿಕೆಯ ಎಂಜಿನಿಯರರಿಗೂ ಬರೆದುಕೊಡಲಿ. ಎಲ್ಲಿ ಯಾರು ಬಿದ್ದರು, ಯಾವ ಹೊತ್ತಿನಲ್ಲಿ ಎಂಬುದನ್ನೂ ಸೇರಿಸಿದರೆ ಅರ್ಜಿಗೆ ತೂಕ ಬರುತ್ತದೆ.

ಫಲಕ ಬರುವವರೆಗೆ ಕಾಯಬೇಕಾಗಿಲ್ಲ. ನಾಳೆ ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಡುವಾಗ ಪ್ರತಿ ಕ್ರಾಸಿನಲ್ಲೂ ಕಾಲು ನೆಲಕ್ಕೂರಿ, ಬಲಕ್ಕೂ ಎಡಕ್ಕೂ ನೋಡಿ ಹೊರಡಿ. ಮೂರು ಸೆಕೆಂಡು ಸಾಕು. ಹಿಂದೆ ಕುಳಿತ ಮಗು ಅದನ್ನು ನೋಡಿಯೇ ಕಲಿಯುತ್ತದೆ.